ಉಳಿಸಿಟ್ಟ ಸ್ಥಿತಿ

ರಾತ್ರಿ ಯಾರನ್ನೂ ಕೇಳದೆ ಅಪ್‌ಗ್ರೇಡ್ ಆಗಿಬಿಟ್ಟಿತ್ತು.
ಬೆಳಿಗ್ಗೆ ಶಟರ್ ಎತ್ತಿ, ಊದುಬತ್ತಿ ಹಚ್ಚಿ, ಪವರ್ ಒತ್ತಿದರೆ
ಹೊಸ ಬಣ್ಣದ ಪರದೆ ‘ಹಲೋ’ ಅಂತು.
ನಮ್ಮದೇ ಕುರ್ಚಿಯಲ್ಲಿ ನೆಂಟಳ ಹಾಗೆ ಕೂತೆ.

ನಮ್ಮದು ಬಲ್ಲಾಳ್ ವೃತ್ತದ ಬಳಿ, ಔಷಧಿ ಅಂಗಡಿಯ ಮೇಲಿನ ಮಹಡಿ.
ಕಿವಿ ಯಂತ್ರ ಮಾರುತ್ತೇವೆ.
ಹದಿನೈದು ವರ್ಷದ ಹಿಂದೆ ಮಾರಿದ್ದಕ್ಕೂ ಇಲ್ಲವೆನ್ನುವುದಿಲ್ಲ,
ಅದು ಅರಸ್ ಡಾಕ್ಟರ ಹಟ.
ಅಂಥವಕ್ಕೆ ಶ್ರುತಿ ಕೂರಿಸುವ ತಂತ್ರಾಂಶ
ಎಕ್ಸ್‌ಪಿ ಬಿಟ್ಟು ಬೇರೆ ಮಣ್ಣಲ್ಲಿ ಬೇರು ಬಿಡದು.
ಅದಕ್ಕೇ ಕಂಪ್ಯೂಟರಿನೊಳಗೊಂದು ಕಂಪ್ಯೂಟರು:
ವಠಾರದ ಹಿಂದಿನ ಕೋಣೆಯ ಹಳೇ ಬಾಡಿಗೆದಾರ.
ಓನರು ಮುಂದಿನ ಮನೆ ಕೆಡವಿ ಕಟ್ಟಿದ್ದು ಗೊತ್ತಿಲ್ಲ ಅವನಿಗೆ,
ನಲ್ಲಿ ಅದೇ, ಮೀಟರು ಅದೇ ಅಂದುಕೊಂಡು ಮಲಗಿದ್ದಾನೆ.

ಇವತ್ತು ಅವನ ಬಾಗಿಲು ತೆಗೆಯಲಿಲ್ಲ.
ಕೆಂಪು ಗುಂಡಿನೊಳಗೆ ಬಿಳಿ ಗುಣಾಕಾರ,
ಕರ್ನಲ್ ಡ್ರೈವರ್ ಇಲ್ಲವಂತೆ,
ಕೆಳಗೆ ಆಧಾರ್‌ಗಿಂತ ಉದ್ದದ ಒಂದು ನಂಬರು.

ಎದುರಿಗೆ ಮರಿಸ್ವಾಮಿ ಮೇಸ್ತ್ರಿ, ಮೇಟಗಳ್ಳಿಯ ಗ್ಯಾರೇಜಿನವರು.
ನಲವತ್ತು ವರ್ಷ ಇಂಜಿನ್ನಿಗೆ ಸ್ಕ್ರೂಡ್ರೈವರ್ ಆನಿಸಿ
ಅದರ ಹಿಡಿಗೆ ಕಿವಿ ಕೊಟ್ಟು ರೋಗ ಹೇಳಿದವರು;
ಆ ಇಂಜಿನ್ನುಗಳೇ ಆ ಕಿವಿಯನ್ನು ತಿಂದು ಮುಗಿಸಿದವು.
ಕರ್ಚೀಫಿನ ಗಂಟು ಬಿಚ್ಚಿ ಯಂತ್ರ ಮುಂದಿಟ್ಟು
“ಬರೀ ಗುಂಯ್ ಅಂತದೆ ಕಣವ್ವ” ಅಂದು ಕೂತರು.
ಯಂತ್ರ ಮೇಜಿನ ಮೇಲೆ. ಅವರು ಎಲ್ಲೋ ನೀರಿನಡಿ.

ಒಂಬತ್ತೂವರೆ. ರೀಸ್ಟಾರ್ಟ್. ಎಲ್ಲರೂ ಮೊದಲು ಮಾಡುವುದು ಅದೇ.
ಹತ್ತು. ಅಡ್ಮಿನಿಸ್ಟ್ರೇಟರ್ ಆಗಿ ತೆರೆದೆ, ಪದವಿಗೆ ಅದು ಹೆದರಲಿಲ್ಲ.
ಹನ್ನೊಂದು. ಬಯೋಸ್‌ಗೆ ಇಳಿದು ನೋಡಿದರೆ
ವರ್ಚುಯಲೈಸೇಶನ್ ಆನ್ ಇತ್ತು,
ಹೊಸ ಓನರು ಮಾತ್ರ ಅದನ್ನು ತಾನೇ ಇಟ್ಟುಕೊಂಡಿದ್ದ,
ಮೆಮೊರಿ ಕಾವಲು ಅಂತ ಏನೋ ಹೆಸರು ಹೇಳಿ.
ಆಫ್ ಮಾಡಿದೆ. ಊಹೂಂ.
ಆಮೇಲೆ ಹೊಳೆಯಿತು: ಬಾಡಿಗೆದಾರನದಲ್ಲ ತಪ್ಪು,
ಕೋಣೆಯ ಚಿಲಕವೇ ಏಳು ವರ್ಷದ್ದು, ತುಕ್ಕು.
ಕಿತ್ತು ಹಾಕಿ ಹೊಸದನ್ನು ಇಳಿಸತೊಡಗಿದೆ.
ತೊಂಬತ್ತೆರಡು ಪರ್ಸೆಂಟಿಗೆ ಕರೆಂಟು ಹೋಯಿತು.
ಬಂತು. ಸೊನ್ನೆಯಿಂದ.

ಕೊನೆಗೆ ಚಿಲಕ ತಿರುಗಿತು. ತಿರುಗಿ ಒಂದು ಪ್ರಶ್ನೆ ಕೇಳಿತು:
ಉಳಿಸಿಟ್ಟ ಸ್ಥಿತಿ ಹಳೇ ಆವೃತ್ತಿಯದು, ಓದಲಾಗದು.
ಬಿಸಾಡಲೇ?

ಅದನ್ನು ಶಟ್‌ಡೌನ್ ಮಾಡಿದವರೇ ಇಲ್ಲ ನಮ್ಮಲ್ಲಿ.
“ಎಬ್ಸೋದು ಕಷ್ಟ, ಮಲಗ್ಸಿಬಿಡು” ಅನ್ನುತ್ತಿದ್ದರಂತೆ ಸುಗುಣಾ ಮೇಡಂ.
ಅವರು ಬಿಟ್ಟುಹೋದ ದಿನವೇ ಕೊನೆ, ಆಮೇಲೆ ಯಾರೂ ಮುಟ್ಟಿಲ್ಲ.
ಮೂಲೆಯಲ್ಲಿ ಅಂಚೆಚೀಟಿಯಷ್ಟು ಚಿತ್ರ,
ಅವತ್ತಿನ ಪರದೆ, ನಿಂತದ್ದು ನಿಂತ ಹಾಗೇ:
ಒಂದು ನೋಟ್‌ಪ್ಯಾಡು, ಅದರಲ್ಲಿ ಆರೇಳು ಸಾಲು.
ಹಿಗ್ಗಿಸಿದರೆ ಬರೀ ಚೌಕ ಚೌಕ.
ಯಾರಿಗೆ ಬರೆದದ್ದು? ಮುಂದೆ ಬರುವವಳಿಗೋ?
ಹಾಲಿನ ಲೆಕ್ಕವೋ?
ಸೇವ್ ಮಾಡದ ಕೊನೆಯ ಸಾಲಿನ ತುದಿಗೆ ಕರ್ಸರು
ಮೂರು ವರ್ಷದಿಂದ ಕಣ್ಣು ಮಿಟುಕಿಸಿಲ್ಲ.

ನಂಜನಗೂಡಿಗೆ ಫೋನ್ ಮಾಡಿದೆ. ಮೇಡಂ ನಕ್ಕರು:
“ಏನ್ ಬರ್ದಿದ್ನೋ ನೆನಪಿಲ್ಲ ಕಣೆ.
ಮುಖ್ಯವಾದ್ದಾಗಿದ್ರೆ ಸೇವ್ ಮಾಡ್ತಿರ್ಲಿಲ್ವಾ?”
ಕುಕ್ಕರ್ ಕೂಗಿತು, ಇಟ್ಟುಬಿಟ್ಟರು.
ಮೇಸ್ತ್ರಿ ನನ್ನ ತುಟಿಯನ್ನೇ ನೋಡುತ್ತಿದ್ದರು.
ಒತ್ತಿದೆ.

ಕಪ್ಪು. ಕಪ್ಪಿನಲ್ಲಿ ತೆವಳುವ ನೀಲಿ ಪಟ್ಟಿ.
ಆಮೇಲೆ ಆ ಹಸಿರು ಗುಡ್ಡ,
ಒಂದೇ ಒಂದು ಮೆಟ್ಟಿಲಿಲ್ಲದ್ದು,
ಮೈಸೂರಿನವರೆಲ್ಲ ಕಂಡೂ ಯಾರೂ ಹತ್ತದ್ದು.
ಯುಎಸ್‌ಬಿ ಹುಡುಕಿಸಿದ್ದು ಇನ್ನೊಂದು ಪುರಾಣ, ಬಿಡಿ.
ಕೇಬಲ್ ಸಿಕ್ಕಿಸಿ, ಗೆರೆ ಎಳೆದು, ಎತ್ತರದ ಸ್ವರ ಒಂದಿಷ್ಟು ಏರಿಸಿ,
ಕಿವಿಗಿಟ್ಟು, ಮೆಲ್ಲಗೆ “ಕೇಳಿಸ್ತಿದ್ಯಾ?” ಅಂದೆ.

ಮೇಸ್ತ್ರಿ ಕೈಯೆತ್ತಿ ನನ್ನನ್ನೇ ಸುಮ್ಮನಿರಿಸಿದರು.
ತಲೆ ವಾಲಿಸಿ, ಮೇಜಿನ ಕೆಳಗೆ ಬಗ್ಗಿ,
ಸಿಪಿಯು ಡಬ್ಬಿಗೆ ಎರಡು ಬೆರಳು ಆನಿಸಿ,
“ಫ್ಯಾನಿನ ಬೇರಿಂಗ್ ಹೋಗ್ಬುಟ್ಟದೆ ಕಣವ್ವ.
ಎಷ್ಟ್ ದಿನದಿಂದ ಕಿರುಚ್ತಾ ಅದೆ ಇದು?”

ಬೆಳಗಿನಿಂದ ಅದರೆದುರೇ ಕೂತಿದ್ದೆ.
ನನಗೆ ಏನೂ ಕೇಳಿಸಿರಲಿಲ್ಲ.